ಮೆಟ್ರಿಕ್‌ನಿಂದ ಸೆಮಿಸ್ಟರ್‌ವರೆಗೆ: ಶಾಲೆ-ಕಾಲೇಜಿನ ಇಂಗ್ಲಿಷ್ ಮಾತುಗಳ ಚರಿತ್ರೆ



ಈ ಮಾತನ್ನು ಒಮ್ಮೆ ಗಮನಿಸಿ: "ನಮ್ಮ ಹುಡುಗ ಸೆಕೆಂಡ್ ಪಿ.ಯು.ಸಿ. ಸೈನ್ಸು. ಎಕ್ಸಾಮು ಹತ್ತಿರ ಬಂತು. ಬೆಳಿಗ್ಗೆ ಟ್ಯೂಷನ್ನು, ಸಂಜೆ ಕೋಚಿಂಗು. ರಿಸಲ್ಟ್ ಬಂದ ಮೇಲೆ ಡಿಗ್ರಿಗೆ ಸೇರಿಸೋದೋ ಇಂಜಿನಿಯರಿಂಗಿಗೆ ಸೇರಿಸೋದೋ ನೋಡಬೇಕು."

ನಮ್ಮ ನಾಡಿನ ಯಾವ ಊರಿನ ಬಸ್ ನಿಲ್ದಾಣದಲ್ಲಿ ನಿಂತರೂ ಕಿವಿಗೆ ಬೀಳುವ ಮಾತಿದು. ಆಡುವ ತಾಯಿ ಇಂಗ್ಲಿಷ್ ಕಲಿತವರೇ ಆಗಿರಬೇಕಿಲ್ಲ. ಬರುವುದು, ಸೇರಿಸುವುದು, ನೋಡುವುದು ಎಂಬ ಕ್ರಿಯಾಪದಗಳೆಲ್ಲ ಕನ್ನಡದವು. ಓದಿಗೆ ಸಂಬಂಧಿಸಿದ ಹೆಸರುಗಳು ಮಾತ್ರ ಒಂದೂ ಬಿಡದಂತೆ ಇಂಗ್ಲಿಷಿನವು. ಅಡುಗೆಮನೆ, ಹೊಲ, ಮದುವೆ, ಸಾವು ಇವುಗಳ ಬಗ್ಗೆ ಕನ್ನಡದಲ್ಲೇ ಮಾತನಾಡುವ ನಾವು ಓದಿನ ವಿಷಯ ಬಂದ ಕೂಡಲೇ ಬೇರೊಂದು ಶಬ್ದಕೋಶವನ್ನು ತೆರೆಯುತ್ತೇವೆ. ಈ ಶಬ್ದಗಳು ಎಲ್ಲಿಂದ ಬಂದವು? ಇಂಗ್ಲಿಷಿಗಾದರೂ ಇವು ಸ್ವಂತದವೇ? ನಮ್ಮ ನಾಡಿಗೆ ಬಂದ ಮೇಲೆ ಇವು ಏನಾದವು? ಈ ಮೂರು ಪ್ರಶ್ನೆಗಳನ್ನು ಹಿಡಿದು ಸ್ವಲ್ಪ ದೂರ ಹೋಗಿ ಬರೋಣ.

ಬಿಡುವಿನಿಂದ ಹುಟ್ಟಿದ ಸ್ಕೂಲು

'ಸ್ಕೂಲ್' ಎಂಬುದರ ಮೂಲ ಗ್ರೀಕರ 'ಸ್ಕೊಲೆ'. ಅದರ ಮೊದಲ ಅರ್ಥ ಬಿಡುವು, ವಿರಾಮ. ದುಡಿಮೆಯಿಂದ ಬಿಡುವು ಸಿಕ್ಕಾಗ ನಾಲ್ಕು ಜನ ಕುಳಿತು ನಡೆಸುವ ಚರ್ಚೆಗೆ ಆ ಹೆಸರು ಬಂತು. ಆಮೇಲೆ ಚರ್ಚೆ ನಡೆಯುವ ಜಾಗಕ್ಕೂ ಬಂತು. ಬೆನ್ನು ಬಾಗುವಷ್ಟು ಭಾರದ ಚೀಲ ಹೊತ್ತು ಆಟೋರಿಕ್ಷಾದಲ್ಲಿ ಒತ್ತರಿಸಿ ಕುಳಿತ ನಮ್ಮ ಮಕ್ಕಳಿಗೆ ಈ ಅರ್ಥವನ್ನು ಹೇಳಿದರೆ ಅವು ನಂಬಲಾರವು. 'ಅಕಾಡೆಮಿ' ಎಂಬುದು ಅಥೆನ್ಸ್ ನಗರದ ಹೊರಗಿದ್ದ ಒಂದು ತೋಪಿನ ಹೆಸರು. ಪುರಾಣದ ವೀರ ಅಕಾಡೆಮಸ್‌ನಿಂದ ಆ ತೋಪಿಗೆ ಹೆಸರು ಬಂದಿತ್ತು. ಪ್ಲೇಟೋ ಅಲ್ಲಿ ಪಾಠ ಹೇಳಿದ್ದರಿಂದ ಲೋಕದ ಅಕಾಡೆಮಿಗಳಿಗೆಲ್ಲ ಅದೇ ಹೆಸರಾಯಿತು.

'ಪ್ಯೂಪಿಲ್' ಶಬ್ದದ ಕಥೆ ಇನ್ನೂ ಸ್ವಾರಸ್ಯವಾದದ್ದು. ಲ್ಯಾಟಿನ್ನಿನಲ್ಲಿ 'ಪ್ಯುಪಿಲ್ಲುಸ್' ಎಂದರೆ ತಂದೆಯಿಲ್ಲದ, ಪೋಷಕರ ರಕ್ಷಣೆಯಲ್ಲಿರುವ ಚಿಕ್ಕ ಹುಡುಗ. ಅಂಥ ಮಗುವನ್ನು ಕಾಯುವವನು 'ಟ್ಯೂಟರ್'. ಅವನು ಮಾಡುವ ರಕ್ಷಣೆಯ ಕೆಲಸ 'ಟ್ಯೂಷನ್'. ನಾವು ಇಂದು ತಿಂಗಳಿಗೆ ಇಷ್ಟು ಎಂದು ಹಣ ಕೊಟ್ಟು ಕಳಿಸುವ ಟ್ಯೂಷನ್ನಿನ ಮೂಲ ಅರ್ಥ ಕಾಪಾಡುವುದು ಎಂದು. ಕಣ್ಣಿನ ಕರಿಯ ಮಧ್ಯಭಾಗಕ್ಕೂ ಇಂಗ್ಲಿಷಿನಲ್ಲಿ ಪ್ಯೂಪಿಲ್ ಎಂದೇ ಹೆಸರು. ಇನ್ನೊಬ್ಬರ ಕಣ್ಣಿನೊಳಗೆ ನೋಡಿದಾಗ ನಮ್ಮದೇ ಬಿಂಬ ಪುಟ್ಟ ಗೊಂಬೆಯಂತೆ ಕಾಣುವುದರಿಂದ ರೋಮನ್ನರು ಅದನ್ನು 'ಪುಟ್ಟ ಹುಡುಗಿ, ಗೊಂಬೆ' ಎಂದು ಕರೆದರು. ನಮ್ಮವರು ಅದನ್ನು 'ಕಣ್ಣಿನ ಪಾಪೆ' ಎಂದರು. ಪಾಪೆ ಎಂದರೂ ಗೊಂಬೆಯೇ. ಎರಡು ಜನಾಂಗಗಳು, ಒಂದನ್ನೊಂದು ಕೇಳದೆ, ಒಂದೇ ಕಡೆ ನೋಡಿ ಒಂದೇ ಹೆಸರು ಇಟ್ಟಿವೆ.

ಯೂನಿವರ್ಸಿಟಿ ಎಂಬ ಸಂಘ

ಹನ್ನೆರಡನೆಯ ಶತಮಾನದ ಯೂರೋಪಿಗೆ ಬನ್ನಿ. ಇಟಲಿಯ ಬೊಲೋನ್ಯಾ, ಫ್ರಾನ್ಸಿನ ಪ್ಯಾರಿಸ್, ಇಂಗ್ಲೆಂಡಿನ ಆಕ್ಸ್‌ಫರ್ಡ್ ಇಲ್ಲಿ ವಿದ್ಯೆ ಹೇಳುವವರು, ಕಲಿಯುವವರು ಗುಂಪುಗೂಡಿದರು. ನೇಕಾರರಿಗೆ, ಬಡಗಿಗಳಿಗೆ ಆಗ ತಮ್ಮ ತಮ್ಮ ಸಂಘಗಳಿದ್ದವು. ಅಂಥ ಸಂಘಕ್ಕೆ ಲ್ಯಾಟಿನ್ನಿನಲ್ಲಿ 'ಯೂನಿವರ್ಸಿಟಾಸ್' ಎಂಬ ಹೆಸರಿತ್ತು. ಓದಿನವರೂ ಒಂದು ಸಂಘ ಕಟ್ಟಿಕೊಂಡರು. ಬೊಲೋನ್ಯಾದಲ್ಲಿ ಅದು ವಿದ್ಯಾರ್ಥಿಗಳ ಸಂಘ, ಪ್ಯಾರಿಸ್‌ನಲ್ಲಿ ಉಪಾಧ್ಯಾಯರ ಸಂಘ. ಯೂನಿವರ್ಸಿಟಿ ಎಂದರೆ ಮೂಲದಲ್ಲಿ ಇಷ್ಟೇ. ನಾವು ಅದನ್ನು 'ವಿಶ್ವವಿದ್ಯಾನಿಲಯ' ಎಂದು ಅನುವಾದಿಸಿಕೊಂಡು ವಿಶ್ವವನ್ನೇ ಒಳಗೆ ತಂದಿದ್ದೇವೆ. ಅನುವಾದ ಸುಂದರವಾಗಿದೆ. ಆದರೆ ಚರಿತ್ರೆಯ ದೃಷ್ಟಿಯಿಂದ ಆ ಶಬ್ದಕ್ಕೆ ಹತ್ತಿರದ ನೆಂಟರು ನಮ್ಮ ಐಹೊಳೆಯ ಐನೂರ್ವರ ವರ್ತಕ ಸಂಘದಂಥವು.

ಈ ಸಂಘಗಳ ಒಳಗೆ ಏರುವ ಮೆಟ್ಟಿಲು 'ಡಿಗ್ರಿ'. ಲ್ಯಾಟಿನ್ನಿನ 'ಗ್ರಾಡುಸ್' ಎಂದರೆ ಹೆಜ್ಜೆ, ಮೆಟ್ಟಿಲು. 'ಗ್ರಾಜುಯೇಟ್' ಆಗುವುದೆಂದರೆ ಒಂದು ಮೆಟ್ಟಿಲು ಹತ್ತುವುದು. ಉಷ್ಣಮಾಪಕದ ಡಿಗ್ರಿಯೂ ಬಿ.ಎಸ್ಸಿ. ಡಿಗ್ರಿಯೂ ಒಂದೇ ಶಬ್ದ ಎಂಬುದು ವಿಜ್ಞಾನ ಓದಿದ ನನಗೆ ಬಹಳ ದಿನ ಹೊಳೆದಿರಲಿಲ್ಲ. ನಮ್ಮ 'ಪದವಿ'ಗೆ ಸಂಸ್ಕೃತದಲ್ಲಿ ಮೊದಲ ಅರ್ಥ ದಾರಿ, ಹೆಜ್ಜೆಯ ಜಾಡು. ಇಲ್ಲಿ ಅನುವಾದವೂ ಮೂಲವೂ ಕೈಹಿಡಿದು ನಡೆದಿವೆ.

ಅಚ್ಚಿನ ಯಂತ್ರ ಬರುವ ಮುನ್ನ ಪುಸ್ತಕವೆಂದರೆ ಕೈಬರಹದ ಪ್ರತಿ. ಅದು ಎಲ್ಲರಿಗೂ ಎಟಕುವಂಥದಲ್ಲ. ಉಪಾಧ್ಯಾಯರು ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು, ಅರ್ಥ ಬಿಡಿಸುತ್ತಿದ್ದರು, ಕೇಳುವವರು ಬರೆದುಕೊಳ್ಳುತ್ತಿದ್ದರು. ಆ ಓದುವಿಕೆಯೇ 'ಲೆಕ್ಚರ್'. ಇಂದಿಗೂ ಕೆಲವು ಕಾಲೇಜುಗಳಲ್ಲಿ ಹಳೆಯ ನೋಟ್ಸನ್ನು ಗಟ್ಟಿಯಾಗಿ ಓದಿ ಬರೆಸುವವರಿದ್ದಾರೆ. ಶಬ್ದಾರ್ಥದ ಲೆಕ್ಕದಲ್ಲಿ ಅವರ ಮೇಲೆ ತಪ್ಪು ಹೊರಿಸುವಂತಿಲ್ಲ! "ಏನು ಓದುತ್ತಿದ್ದೀಯಪ್ಪ?" ಎಂದು ನಮ್ಮ ಹಿರಿಯರು ಕೇಳುವ ಮಾತಿನಲ್ಲೂ ಓದು ಎಂದರೆ ವಿದ್ಯಾಭ್ಯಾಸವೇ.

ಮೊದಲ ಮೆಟ್ಟಿಲು ಹತ್ತಿದವನು 'ಬ್ಯಾಚಲರ್'. ಹಿರಿಯ ಯೋಧನ ಕೈಕೆಳಗೆ ಇನ್ನೂ ಪಳಗುತ್ತಿರುವ ಎಳೆಯ ಯೋಧನಿಗೆ ಆ ಹೆಸರಿತ್ತು. ಮದುವೆಯಾಗದವನು ಎಂಬ ಅರ್ಥ ಆಮೇಲಿನದು. 'ಮಾಸ್ಟರ್' ಎಂದರೆ ಪಳಗಿದವನು. 'ಡಾಕ್ಟರ್' ಎಂದರೆ ಕಲಿಸುವವನು. ಔಷಧಿ ಕೊಡುವ ಡಾಕ್ಟರು ಆ ಹೆಸರನ್ನು ವಿಶ್ವವಿದ್ಯಾನಿಲಯದಿಂದ ಪಡೆದುಕೊಂಡರು. 'ಡೀನ್' ಎಂದರೆ ಹತ್ತು ಮಂದಿಯ ಮೇಲಿನ ಯಜಮಾನ. ಸೈನ್ಯದಿಂದ ಮಠಕ್ಕೆ, ಮಠದಿಂದ ಕಾಲೇಜಿಗೆ ಬಂದ ಹುದ್ದೆ. 'ಛಾನ್ಸಲರ್' ಎಂದರೆ ನ್ಯಾಯಾಲಯದ ಜಾಲರಿಯ ಬಳಿ ನಿಲ್ಲುತ್ತಿದ್ದ ಅಧಿಕಾರಿ. ಬರೆದದ್ದರ ಮೇಲೆ ಜಾಲರಿಯಂತೆ ಅಡ್ಡಗೀಟು ಎಳೆಯುವುದು 'ಕ್ಯಾನ್ಸಲ್'. ಎರಡೂ ಒಂದೇ ಬೇರಿನವು. ಪರೀಕ್ಷೆ ರದ್ದಾದ ದಿನ ವಿದ್ಯಾರ್ಥಿಗಳು ಇದನ್ನು ನೆನೆಯಬಹುದು.

'ಬ್ಯಾಚಲರ್' ಎಂಬ ಗಂಡುಹೆಸರಿನ ಪದವಿ ಹೆಣ್ಣುಮಕ್ಕಳಿಗೆ ದೊರೆತದ್ದು ತೀರ ತಡವಾಗಿ. ಲಂಡನ್ ವಿಶ್ವವಿದ್ಯಾನಿಲಯ 1878ರಲ್ಲಿ ಬಾಗಿಲು ತೆರೆಯಿತು. ಕಲ್ಕತ್ತ ವಿಶ್ವವಿದ್ಯಾನಿಲಯದಿಂದ 1883ರಲ್ಲಿ ಕಾದಂಬಿನಿ ಗಂಗೂಲಿ ಮತ್ತು ಚಂದ್ರಮುಖಿ ಬಸು ಬಿ.ಎ. ಆದರು. ಆಗ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳು ಹೆಣ್ಣುಮಕ್ಕಳಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. ಆಕ್ಸ್‌ಫರ್ಡ್ ಕೊಟ್ಟದ್ದು 1920ರಲ್ಲಿ, ಕೇಂಬ್ರಿಜ್ 1948ರಲ್ಲಿ.

ಇಂಗ್ಲೆಂಡಿನಲ್ಲಿ ಇಂಗ್ಲಿಷೇ ಹೊರಗಿತ್ತು

ಈವರೆಗೆ ಬಂದ ಶಬ್ದಗಳನ್ನು ನೋಡಿ. ಗ್ರೀಕ್, ಲ್ಯಾಟಿನ್, ಫ್ರೆಂಚ್. ಇಂಗ್ಲಿಷರ ಸ್ವಂತ ಮಣ್ಣಿನ ಶಬ್ದಗಳು ಎಲ್ಲೋ ಒಂದೆರಡು. ಇದಕ್ಕೆ ಕಾರಣವಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಆಸ್ಥಾನ, ನ್ಯಾಯಾಲಯಗಳಲ್ಲಿ ಫ್ರೆಂಚ್ ಭಾಷೆ ನೆಲೆಸಿತು. ಶಾಲೆಯಲ್ಲಿ ಇಂಗ್ಲಿಷ್ ಹುಡುಗರು ಲ್ಯಾಟಿನ್ ಕಲಿಯಬೇಕು. ಅದರ ಅರ್ಥವನ್ನು ಹೇಳಬೇಕಾದದ್ದು ಫ್ರೆಂಚ್‌ನಲ್ಲಿ. ಮನೆಯ ಮಾತಿಗೆ ಶಾಲೆಯ ಬಾಗಿಲು ಮುಚ್ಚಿತ್ತು.

1348-49ರ ಪ್ಲೇಗು ಇಂಗ್ಲೆಂಡಿನ ಜನರಲ್ಲಿ ಬಹುದೊಡ್ಡ ಭಾಗವನ್ನು ಬಲಿ ತೆಗೆದುಕೊಂಡಿತು. ಆ ನಂತರದ ವರ್ಷಗಳಲ್ಲಿ ಜಾನ್ ಕಾರ್ನ್‌ವಾಲ್ ಎಂಬ ಆಕ್ಸ್‌ಫರ್ಡಿನ ವ್ಯಾಕರಣದ ಮೇಷ್ಟ್ರು ಫ್ರೆಂಚ್ ಬಿಟ್ಟು ಇಂಗ್ಲಿಷಿನಲ್ಲೇ ಅರ್ಥ ಹೇಳಿಕೊಡಲು ಆರಂಭಿಸಿದರು. ಅವರ ದಾರಿಯನ್ನು ಬೇರೆಯವರೂ ಹಿಡಿದರು. ಟ್ರೆವೀಸಾದ ಜಾನ್ ಎಂಬ ಲೇಖಕರು 1385ರಲ್ಲಿ ಬರೆಯುವ ವೇಳೆಗೆ ದೇಶದ ವ್ಯಾಕರಣ ಶಾಲೆಗಳೆಲ್ಲ ಇಂಗ್ಲಿಷಿಗೆ ಬಂದಿದ್ದವು. ಇದರಿಂದ ಮಕ್ಕಳು ವ್ಯಾಕರಣವನ್ನು ಬೇಗ ಕಲಿಯುತ್ತಾರೆ, ಆದರೆ ಫ್ರೆಂಚ್ ಬಾರದೆ ಪರದೇಶಕ್ಕೆ ಹೋದಾಗ ಕಷ್ಟಪಡುತ್ತಾರೆ ಎಂದು ಅವರು ಲಾಭನಷ್ಟ ಎರಡನ್ನೂ ತೂಗಿದ್ದಾರೆ. ಆರು ನೂರು ವರ್ಷಗಳಿಗೂ ಹಿಂದಿನ ಈ ವಾದ ನಿಮಗೆ ಎಲ್ಲೋ ಕೇಳಿದಂತಿದೆಯಲ್ಲವೇ? ಕನ್ನಡ ಮಾಧ್ಯಮದ ಬಗ್ಗೆ ನಮ್ಮ ಸ್ಟುಡಿಯೋದಲ್ಲಿ ಚರ್ಚೆ ಏರ್ಪಡಿಸಿದಾಗಲೆಲ್ಲ ಎರಡೂ ಕಡೆಯವರು ಹೇಳುವುದು ಹೆಚ್ಚುಕಡಿಮೆ ಇದನ್ನೇ.

ಶಾಲೆಗೆ ಇಂಗ್ಲಿಷ್ ಬಂದರೂ ಉನ್ನತ ವಿದ್ಯೆಗೆ ಲ್ಯಾಟಿನ್ನೇ ಗತಿಯಾಗಿತ್ತು. ಐಸಾಕ್ ನ್ಯೂಟನ್ 1687ರಲ್ಲಿ ಚಲನೆಯ ನಿಯಮಗಳನ್ನು ವಿವರಿಸುವ 'ಪ್ರಿನ್ಸಿಪಿಯಾ' ಗ್ರಂಥವನ್ನು ಪ್ರಕಟಿಸಿದ್ದು ಲ್ಯಾಟಿನ್ನಿನಲ್ಲಿ. ಬೆಳಕಿನ ಬಗ್ಗೆ ಬರೆದ 'ಆಪ್ಟಿಕ್ಸ್' 1704ರಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. ಒಬ್ಬನೇ ವಿಜ್ಞಾನಿಯ ಬದುಕಿನೊಳಗೆ ಒಂದು ಭಾಷೆ ವಿಜ್ಞಾನಕ್ಕೆ ಧೈರ್ಯ ತಂದುಕೊಂಡದ್ದನ್ನು ಇಲ್ಲಿ ಕಾಣಬಹುದು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪ್ರವೇಶಕ್ಕೆ ಲ್ಯಾಟಿನ್ ಬೇಕೇಬೇಕೆಂಬ ಕಟ್ಟಳೆ ಹೋದದ್ದು 1960ರ ಸುಮಾರಿಗೆ.

ತಕ್ಕಡಿ, ಮಡಕೆ, ಕುದುರೆಗಾಡಿ

ಈಗ ಎಲ್ಲರಿಗೂ ಹೆದರಿಕೆ ತರುವ ಶಬ್ದಗಳಿಗೆ ಬರೋಣ. 'ಎಕ್ಸಾಮಿನೇಷನ್' ಹುಟ್ಟಿದ್ದು 'ಎಕ್ಸಾಮೆನ್' ಎಂಬ ಲ್ಯಾಟಿನ್ ಮಾತಿನಿಂದ. ಹಾಗೆಂದರೆ ತಕ್ಕಡಿಯ ಮುಳ್ಳು. 'ಟೆಸ್ಟ್' ಎಂದರೆ ಮಣ್ಣಿನ ಮಡಕೆ. ಅಕ್ಕಸಾಲಿಗರು ಬೆಳ್ಳಿ-ಬಂಗಾರವನ್ನು ಅಂಥ ಮಣ್ಣಿನ ಪಾತ್ರೆಯಲ್ಲಿ ಕಾಸಿ, ಕಲ್ಮಶ ಎಷ್ಟಿದೆ ಎಂದು ನೋಡುತ್ತಿದ್ದರು. ಒಂದು ತೂಗುವುದು, ಇನ್ನೊಂದು ಕಾಸುವುದು. 'ಸಿಲಬಸ್' ಎಂಬುದಂತೂ ಅಚ್ಚಿನ ತಪ್ಪಿನಿಂದ ಹುಟ್ಟಿದ ಮಾತು. ಹದಿನೈದನೆಯ ಶತಮಾನದಲ್ಲಿ ಸಿಸಿರೋನ ಪತ್ರಗಳನ್ನು ಅಚ್ಚು ಹಾಕುವಾಗ ಸುರುಳಿಗಳಿಗೆ ಅಂಟಿಸುವ ಹೆಸರುಪಟ್ಟಿ ಎಂಬರ್ಥದ 'ಸಿಟಿಬಾ' ಎನ್ನುವ ಗ್ರೀಕ್ ಶಬ್ದ 'ಸಿಲಬಸ್' ಆಗಿಹೋಯಿತು. ಆ ತಪ್ಪೇ ಸರಿಯಾಗಿ ನಿಂತಿತು. 'ಡಿಪ್ಲೊಮಾ' ಎಂದರೆ ಎರಡಾಗಿ ಮಡಚಿದ ಪತ್ರ. 'ಸೆಮಿನಾರ್' ಎಂದರೆ ನಮ್ಮ ರೈತರು ಒಟ್ಲು, ಸಸಿಮಡಿ ಎನ್ನುತ್ತಾರಲ್ಲ, ಅದೇ. ಬೀಜ ಚೆಲ್ಲಿ ಪೈರು ಎಬ್ಬಿಸುವ ಜಾಗ.

ಕೇಂಬ್ರಿಜ್‌ನ ಪರೀಕ್ಷೆಗಳು ಬಹಳ ಕಾಲ ಬಾಯಿಮಾತಿನವು. ಒಬ್ಬ ಒಂದು ಪ್ರಮೇಯವನ್ನು ಮಂಡಿಸಬೇಕು, ಉಳಿದವರು ಅದನ್ನು ಖಂಡಿಸಬೇಕು, ಎಲ್ಲವೂ ಲ್ಯಾಟಿನ್ನಿನಲ್ಲಿ. ಈ ವಾದದ ದಿನ ಮೂರು ಕಾಲಿನ ಸ್ಟೂಲಿನ ಮೇಲೆ ಒಬ್ಬ ಹಿರಿಯ ಪದವೀಧರ ಕುಳಿತು ಪ್ರಶ್ನೆ ಎಸೆಯುತ್ತಿದ್ದ. ಆ ಸ್ಟೂಲಿನಿಂದ ಪರೀಕ್ಷೆಗೆ 'ಟ್ರೈಪಾಸ್' ಎಂಬ ಹೆಸರು ಬಂತು. ವಾದದಲ್ಲಿ ಜಗ್ಗದೆ ನಿಂತು ಗಣಿತದಲ್ಲಿ ಮೊದಲ ದರ್ಜೆ ಪಡೆದವರಿಗೆ 'ರ‍್ಯಾಂಗ್ಲರ್' ಎಂದರು. ನೇರ ಅರ್ಥ ಜಗಳಗಂಟ. ಅವರಲ್ಲಿ ಮೊದಲಿಗ 'ಸೀನಿಯರ್ ರ‍್ಯಾಂಗ್ಲರ್'. 1899ರಲ್ಲಿ ಆ ಸ್ಥಾನವನ್ನು ಹಂಚಿಕೊಂಡವರು ಮಹಾರಾಷ್ಟ್ರದ ಆರ್. ಪಿ. ಪರಾಂಜಪೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು 1954ರಿಂದ 1967ರವರೆಗೆ ಕುಲಪತಿಗಳಾಗಿ ಕಟ್ಟಿ ಬೆಳೆಸಿದ ಡಿ. ಸಿ. ಪಾವಟೆಯವರೂ ಕೇಂಬ್ರಿಜ್‌ನ ರ‍್ಯಾಂಗ್ಲರ್. ಆ ಕಡೆಯ ಹಿರಿಯರು ಅವರನ್ನು ನೆನೆಯುವಾಗ ಆ ಬಿರುದನ್ನು ಗೌರವದಿಂದ ಸೇರಿಸುತ್ತಾರೆ.

'ಕೋಚಿಂಗ್' ಎಂಬ ಮಾತು ಹುಟ್ಟಿದ್ದು ಹಂಗೇರಿಯ ಒಂದು ಹಳ್ಳಿಯಿಂದ. 'ಕೋಚ್' ಎಂಬ ಆ ಹಳ್ಳಿಯಲ್ಲಿ ಒಳ್ಳೆಯ ಕುದುರೆಗಾಡಿಗಳು ತಯಾರಾಗುತ್ತಿದ್ದವು. ಊರಿನ ಹೆಸರೇ ಗಾಡಿಗೆ ಬಂತು. ನಾವು ರೈಲಿನ ಬೋಗಿಗೂ ಕೋಚ್ ಎನ್ನುತ್ತೇವೆ. 1830ರ ಸುಮಾರಿಗೆ ಆಕ್ಸ್‌ಫರ್ಡಿನ ಹುಡುಗರು, ತಮ್ಮನ್ನು ಪರೀಕ್ಷೆ ದಾಟಿಸುವ ಖಾಸಗಿ ಮೇಷ್ಟ್ರನ್ನು ತಮಾಷೆಗಾಗಿ 'ಕೋಚ್' ಎಂದು ಕರೆದರು. ಕುಳಿತರೆ ಸಾಕು, ಗಾಡಿ ಮುಟ್ಟಿಸುತ್ತದೆ ಎಂಬ ಭಾವ. ಆ ತಮಾಷೆ ಇಂದು ನಮ್ಮ ನಗರಗಳಲ್ಲಿ ಬಹುಮಹಡಿಯ ವ್ಯಾಪಾರವಾಗಿದೆ.

ನಮ್ಮ ನಾಡಿಗೆ ಬಂದಾಗ

1835ರ ಮೆಕಾಲೆಯ ಟಿಪ್ಪಣಿ, 1854ರ ಚಾರ್ಲ್ಸ್ ವುಡ್ ಅವರ ಶಿಕ್ಷಣ ಆದೇಶ, 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳ ಸ್ಥಾಪನೆ. ಈ ಮೂರು ಹೆಜ್ಜೆಗಳಲ್ಲಿ ಇಂಗ್ಲಿಷ್ ಶಬ್ದಕೋಶ ನಮ್ಮ ಶಾಲೆಗಳ ಒಳಗೆ ಬಂತು. ಈ ವಿಶ್ವವಿದ್ಯಾನಿಲಯಗಳಿಗೆ ಲಂಡನ್ ಮಾದರಿ. ಆರಂಭದಲ್ಲಿ ಅವು ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ಮಾತ್ರ ನಡೆಸುತ್ತಿದ್ದವು. ಓದು ಎಂದರೆ ಪರೀಕ್ಷೆ ಎಂಬ ನಮ್ಮ ಭಾವನೆಯ ಒಂದು ಬೇರು ಇಲ್ಲಿದೆ.

'ಮೆಟ್ರಿಕ್ಯುಲೇಷನ್' ಎಂದರೆ ದಾಖಲೆ ಪುಸ್ತಕದಲ್ಲಿ ಹೆಸರು ಬರೆಸುವುದು, ಅಂದರೆ ವಿಶ್ವವಿದ್ಯಾನಿಲಯದ ಒಳಗೆ ಕಾಲಿಡುವುದು. ನಮ್ಮಲ್ಲಿ ಆ ಪ್ರವೇಶ ಪರೀಕ್ಷೆಯೇ ಶಾಲೆಯ ಕೊನೆಯ ಪರೀಕ್ಷೆಯೂ ಆಗಿದ್ದರಿಂದ 'ಮೆಟ್ರಿಕ್' ಎಂದರೆ ಶಾಲೆ ಮುಗಿಸುವುದು ಎಂದಾಯಿತು. ಬಾಗಿಲು ಒಂದೇ, ಅವರು ಒಳಗಿನಿಂದ ನೋಡಿ ಹೆಸರಿಟ್ಟರು, ನಾವು ಹೊರಗಿನಿಂದ. 'ಇಂಟರ್‌ಮೀಡಿಯೆಟ್' ಎಂದರೆ ಮೆಟ್ರಿಕ್ಕಿಗೂ ಬಿ.ಎ.ಗೂ ನಡುವಿನದು. ಅದು ಹೋಗಿ ಪಿ.ಯು.ಸಿ. ಬಂತು, 'ವಿಶ್ವವಿದ್ಯಾನಿಲಯಕ್ಕೆ ಮೊದಲಿನ ಶಿಕ್ಷಣ' ಎಂದು ಅದರ ಅರ್ಥ. ಮೊದಲು ಒಂದು ವರ್ಷವಿದ್ದದ್ದು ಎರಡು ವರ್ಷವಾಯಿತು. ಎಸ್.ಎಸ್.ಎಲ್.ಸಿ. ಎಂಬ ನಾಲ್ಕಕ್ಷರದಲ್ಲಿ ಮೂರನೆಯದು 'ಬಿಡುವುದು' ಎನ್ನುತ್ತದೆ. ಇದು ಶಾಲೆ ಬಿಡುವವರಿಗೆ ಕೊಡುವ ಪ್ರಮಾಣಪತ್ರ. ಕಾಲೇಜಿಗೆ ಸೇರುವವರಿಗೂ ಇದೇ ಬೇಕು.

ಉಪಾಧ್ಯಾಯರನ್ನು ತಯಾರು ಮಾಡುವ ಶಾಲೆಗೆ 'ನಾರ್ಮಲ್ ಸ್ಕೂಲ್' ಎಂಬ ಹೆಸರಿತ್ತು. ಧಾರವಾಡದಲ್ಲಿ ಅಂಥದೊಂದಿತ್ತು. ಫ್ರೆಂಚರಿಂದ ಬಂದ ಈ ಹೆಸರಿನ ಬುಡದಲ್ಲಿರುವುದು 'ನಾರ್ಮಾ', ಬಡಗಿಯ ಮಟ್ಟಗೋಲು. ಎಲ್ಲರೂ ಒಂದೇ ಅಳತೆಯಲ್ಲಿ ಪಾಠ ಹೇಳುವಂತೆ ಮೂಲೆಮಟ್ಟ ಹಿಡಿದು ನೋಡುವ ಶಾಲೆ ಅದು. ಅದೇ ಕಾಲದ ಧಾರವಾಡದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಚನ್ನಬಸಪ್ಪನವರು (1834-1881) ಶಿಕ್ಷಣ ಇಲಾಖೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿದ್ದರು. ಜನ ಹುದ್ದೆಯ ಅರ್ಧವನ್ನು ಹೆಸರಿನ ಮುಂದಕ್ಕೆ ಸೇರಿಸಿ 'ಡೆಪ್ಯುಟಿ ಚನ್ನಬಸಪ್ಪ' ಎಂದರು. ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಗಳನ್ನು ಬೆಳೆಸಿದ, 1871ರಲ್ಲಿ ಷೇಕ್ಸ್‌ಪಿಯರನ ಒಂದು ನಗೆನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದ ಈ ಮಹನೀಯರು ಇಂಗ್ಲಿಷ್ ಹುದ್ದೆಯ ಹೆಸರಿನಿಂದಲೇ ಕನ್ನಡಿಗರ ನೆನಪಿನಲ್ಲಿ ಉಳಿದಿದ್ದಾರೆ.

ಆಗ ನಾವು ಬೇರೆ ಬೇರೆ ಆಡಳಿತಗಳ ಕೆಳಗೆ ಹಂಚಿಹೋಗಿದ್ದೆವು. ಶಾಲೆಯ ಮಾತೂ ಹಂಚಿಹೋಗಿತ್ತು. ಮುಂಬಯಿ ಕರ್ನಾಟಕದಲ್ಲಿ ಮಾಸ್ತರು, ಇಯತ್ತೆ, ಮುಲ್ಕಿ ಪರೀಕ್ಷೆ, ಪಾಟಿ. ಮೈಸೂರಿನ ಕಡೆ ಮೇಷ್ಟ್ರು, ಕ್ಲಾಸು, ಲೋಯರ್ ಸೆಕೆಂಡರಿ, ಸ್ಲೇಟು. ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗ, ರಾಯಚೂರು, ಬೀದರ್‌ಗಳ ಕಥೆ ಇನ್ನೂ ಬೇರೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವನ್ನು ಬೋಧನೆಯ ಮಾಧ್ಯಮವಾಗಿ ಇಟ್ಟುಕೊಂಡಿತು. ಅದಕ್ಕಾಗಿ ಒಂದು ಭಾಷಾಂತರ ಸಂಸ್ಥೆಯೇ ಇತ್ತು. ವಿಜ್ಞಾನ, ವೈದ್ಯಶಾಸ್ತ್ರಗಳನ್ನೂ ಅಲ್ಲಿ ಉರ್ದುವಿನಲ್ಲಿ ಕಲಿಸಿದರು. ಇಂಗ್ಲಿಷ್ ಕಡ್ಡಾಯ ವಿಷಯವಾಗಿ ಜೊತೆಗಿತ್ತು. 1948ರ ನಂತರ ಆ ವ್ಯವಸ್ಥೆ ನಿಂತಿತು. ಅಲ್ಲಿನ ಕನ್ನಡದ ಹುಡುಗರಿಗೆ ಉರ್ದುವೂ ಮನೆಮಾತಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಆದರೂ ಭಾರತದ ಒಂದು ಭಾಷೆ ಇಷ್ಟೆಲ್ಲವನ್ನು ಹೊರಬಲ್ಲದು ಎಂಬುದಕ್ಕೆ ಅದೊಂದು ನಿದರ್ಶನ.

ಕನ್ನಡದ ಬಾಯಲ್ಲಿ

ಬಂದ ಶಬ್ದಗಳನ್ನು ನಮ್ಮ ಜನ ಬಂದ ಹಾಗೇ ಬಿಡಲಿಲ್ಲ. 'ಮಾಸ್ಟರ್' ಮೇಷ್ಟ್ರಾಯಿತು, ಮಾಸ್ತರಾಯಿತು. ಜೊತೆಗೆ ಬಹುವಚನದ ಗೌರವವೂ ಬಂತು. ಗೋಡೆ ಕಟ್ಟುವ 'ಮೇಸ್ತ್ರಿ' ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದವನು. ಎರಡಕ್ಕೂ ಮೂಲ ಲ್ಯಾಟಿನ್ನಿನ 'ಮಜಿಸ್ಟರ್'. ಮನೆ ಕಟ್ಟುವವನೂ ಮಕ್ಕಳನ್ನು ಕಟ್ಟುವವನೂ ಅಣ್ಣತಮ್ಮಂದಿರು. 'ಪಾಸು' ಇಂಗ್ಲಿಷಿನದು; ಅದರ ಮುಂದೆ ನಮ್ಮ ಜನ ಒಂದು 'ನ' ಹಚ್ಚಿ 'ನಪಾಸು' ಮಾಡಿದರು. ಇಂಗ್ಲಿಷರಿಗೆ ಈ ಶಬ್ದ ಗೊತ್ತಿಲ್ಲ. 'ಕಾಪಿ ಬರೆ' ಎಂದರೆ ಅಕ್ಷರ ದುಂಡಗಾಗಲು ಮಾಡುವ ಒಳ್ಳೆಯ ಅಭ್ಯಾಸ. 'ಕಾಪಿ ಹೊಡೆ' ಎಂದರೆ ಡಿಬಾರ್ ಆಗುವ ದಾರಿ. ಒಂದೇ ಇಂಗ್ಲಿಷ್ ನಾಮಪದವನ್ನು ಎರಡು ಕನ್ನಡ ಕ್ರಿಯಾಪದಗಳು ಪುಣ್ಯ-ಪಾಪಗಳಾಗಿ ಬೇರ್ಪಡಿಸಿವೆ.

ಭಾರತದಲ್ಲಿ ಮಾತ್ರ ನಡೆಯುವ ಇಂಗ್ಲಿಷೂ ಇದೆ. ನಾವು 'ಪಾಸ್ ಔಟ್' ಆದೆವು ಎಂದರೆ ಕಾಲೇಜು ಮುಗಿಸಿದೆವು ಎಂದು; ಇಂಗ್ಲೆಂಡಿನಲ್ಲಿ ಹಾಗೆಂದರೆ ಸಾಮಾನ್ಯವಾಗಿ ಮೂರ್ಛೆ ಹೋದರು ಎಂದು ತಿಳಿಯುತ್ತಾರೆ. ಅಲ್ಲಿ 'ಪಬ್ಲಿಕ್ ಸ್ಕೂಲ್' ಎಂದರೆ ದುಬಾರಿ ಶುಲ್ಕದ ಖಾಸಗಿ ಶಾಲೆ, ಅಮೆರಿಕದಲ್ಲಿ ಸರ್ಕಾರಿ ಶಾಲೆ. 'ಟ್ಯೂಷನ್' ಎಂದರೆ ಅಮೆರಿಕದವರಿಗೆ ಕಾಲೇಜಿನ ಶುಲ್ಕ. ಪರದೇಶಕ್ಕೆ ಓದಲು ಹೊರಡುವ ಮಕ್ಕಳು ಇಂಥವನ್ನು ತಿಳಿದಿದ್ದರೆ ಒಳ್ಳೆಯದು. 'ಕ್ಯಾಂಪಸ್' ಎಂದರೆ ಬಯಲು. ಕಾಲೇಜಿನ ಆವರಣಕ್ಕೆ ಆ ಹೆಸರು ಮೊದಲು ಕಾಣಿಸುವುದು 1774ರಲ್ಲಿ, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ. 'ಸೆಮಿಸ್ಟರ್' ಎಂದರೆ ಆರು ತಿಂಗಳು. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನಮ್ಮಲ್ಲಿಗೆ ಬಂತು. ಅಮೆರಿಕದ ಮಾದರಿಯಲ್ಲಿ 1964ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಂಥ ಸಂಸ್ಥೆಗಳ ಮೂಲಕ ಕ್ರೆಡಿಟ್, ಗ್ರೇಡ್ ಮುಂತಾದ ಮಾತುಗಳು ನಮಗೆ ಪರಿಚಯವಾದವು.

ನಮ್ಮ ಹಳೆಯ ಗಂಟು

ಹಾಗಾದರೆ ವಿದ್ಯೆಯ ಬಗ್ಗೆ ಮಾತನಾಡಲು ನಮ್ಮಲ್ಲಿ ಶಬ್ದಗಳೇ ಇರಲಿಲ್ಲವೇ? ಇದ್ದವು. ಸುಮಾರು ಕ್ರಿ.ಶ. 450ರ ತಾಳಗುಂದದ ಶಾಸನ, ಕದಂಬ ವಂಶದ ಮೂಲಪುರುಷ ಮಯೂರಶರ್ಮ ಓದಲೆಂದು ಗುರುವಿನೊಡನೆ ಕಂಚಿಯ 'ಘಟಿಕೆ'ಗೆ ಹೋದದ್ದನ್ನು ಹೇಳುತ್ತದೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. 1058ರ ಅಲ್ಲಿನ ಶಾಸನದಲ್ಲಿ ವೇದ ಓದುವ 200 ವಿದ್ಯಾರ್ಥಿಗಳ ಜೊತೆಗೆ ಆರು ಮಂದಿ 'ಸರಸ್ವತೀ ಭಂಡಾರಿಗ'ರ ಉಲ್ಲೇಖವಿದೆ. ಇಂದಿನ ಮಾತಿನಲ್ಲಿ ಲೈಬ್ರರಿಯನ್ನರು. ಆ ವಿದ್ಯೆ ಎಲ್ಲ ಜಾತಿಯವರಿಗೂ, ಹೆಣ್ಣುಮಕ್ಕಳಿಗೂ ತೆರೆದಿರಲಿಲ್ಲ ಎಂಬ ಸತ್ಯವನ್ನೂ ಇಲ್ಲೇ ಹೇಳಬೇಕು. ಮುಂದೆ ಹಳ್ಳಿಗಳಲ್ಲಿ ಕೂಲಿಮಠಗಳು, ಐಗಳ ಮಠಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿದವು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಹಳೆಯ ಗಂಟನ್ನು ಬಿಚ್ಚುವ ಕೆಲಸಕ್ಕೆ ಬಲ ಬಂತು. ಕಾನ್ವೊಕೇಷನ್ನಿಗೆ ನಾವು ಇಂದು ಹೇಳುವ 'ಘಟಿಕೋತ್ಸವ'ದೊಳಗೆ ಮಯೂರಶರ್ಮನ ಘಟಿಕೆ ಇದೆ. ಸಾವಿರಾರು ಶಿಷ್ಯರಿಗೆ ಅನ್ನವಿಟ್ಟು ವಿದ್ಯೆ ಕೊಡುವ ಋಷಿಗೆ ಇದ್ದ 'ಕುಲಪತಿ' ಎಂಬ ಹೆಸರು ವೈಸ್ ಛಾನ್ಸಲರಿಗೆ ಒಪ್ಪಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿ, ಕನ್ನಡದಲ್ಲಿ ಭೌತ, ರಸಾಯನ ಶಾಸ್ತ್ರಗಳನ್ನು ಬರೆಯಬಹುದೆಂದು ತೋರಿಸಿದರು. ಅದು ಹೆಚ್ಚು ವರ್ಷ ಬಾಳಲಿಲ್ಲ, ಆದರೆ ದಾರಿ ಮಾಡಿತು. ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂತು. ಕುವೆಂಪು ಅವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ಕಾಲೇಜಿನಲ್ಲೂ ಕನ್ನಡ ಮಾಧ್ಯಮಕ್ಕಾಗಿ ದುಡಿದರು. ಹೊಸ ಕ್ಯಾಂಪಸ್ಸಿಗೆ ಅವರು ಇಟ್ಟ 'ಮಾನಸಗಂಗೋತ್ರಿ' ಎಂಬ ಹೆಸರು ಯಾವ ಇಂಗ್ಲಿಷ್ ಶಬ್ದದ ಅನುವಾದವೂ ಅಲ್ಲ. ಬಹುಶಃ ಅದಕ್ಕೇ ಅದು ಎಲ್ಲರ ಬಾಯಲ್ಲಿ ನಿಂತಿದೆ.

ಹೆದರುವವರ ಪರವಾಗಿ

ಇಷ್ಟೆಲ್ಲ ಏಕೆ ಹೇಳಬೇಕಾಯಿತೆಂದರೆ, ಕಾರ್ಯಕ್ರಮಗಳಲ್ಲಿ ಫೋನ್ ಮಾಡುವ ಮಕ್ಕಳು ಪ್ರತಿ ವರ್ಷ ಜೂನ್ ತಿಂಗಳ ಆಸುಪಾಸಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ: "ಸಾರ್, ನಾನು ಕನ್ನಡ ಮಾಧ್ಯಮ. ಸೈನ್ಸ್ ತಗೋಬಹುದಾ?" ಕೇಳುವ ದನಿಯಲ್ಲೇ ಅರ್ಧ ಉತ್ತರವನ್ನು ಅವರು ತಾವೇ ಕೊಟ್ಟುಕೊಂಡಿರುತ್ತಾರೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದು ವಿಜ್ಞಾನ ತೆಗೆದುಕೊಂಡವನು ನಾನೂ ಹೌದು. 'ದ್ಯುತಿಸಂಶ್ಲೇಷಣೆ' ಒಂದೇ ರಾತ್ರಿಯಲ್ಲಿ 'ಫೋಟೋಸಿಂಥೆಸಿಸ್' ಆದದ್ದಕ್ಕೆ ನಾನು ಅಷ್ಟು ಹೆದರಲಿಲ್ಲ. ವಿಷಯ ಮೊದಲೇ ಗೊತ್ತಿತ್ತಲ್ಲ. ಹೆದರಿಸಿದ್ದು ಕಾಲೇಜಿನ ನೋಟೀಸ್ ಬೋರ್ಡು ಮತ್ತು ಆಫೀಸಿನ ಕಿಟಕಿ. ಬೋನಫೈಡ್, ಮೈಗ್ರೇಷನ್, ಕಂಡೊನೇಷನ್, ಸಪ್ಲಿಮೆಂಟರಿ. ಇವುಗಳನ್ನು ಯಾರೂ ಪಾಠ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿದೆ ಎಂದುಕೊಂಡೇ ವ್ಯವಸ್ಥೆ ನಡೆಯುತ್ತದೆ. ಮನೆಯಲ್ಲಿ ಓದಿದವರಿದ್ದರೆ ಸರಿ. ಇಲ್ಲದಿದ್ದರೆ ಆ ಮಗು ಯಾರನ್ನು ಕೇಳಬೇಕು? ಅರ್ಜಿ ತುಂಬಲು ಗೊತ್ತಾಗದೆ ವಿದ್ಯಾರ್ಥಿವೇತನ ಬಿಟ್ಟವರು, 'ಶಾರ್ಟೇಜ್' ಎಂದರೇನೆಂದು ತಡವಾಗಿ ತಿಳಿದು ಪರೀಕ್ಷೆಗೆ ಕೂರಲಾಗದವರು ನನ್ನ ಜೊತೆಯವರಲ್ಲೇ ಇದ್ದರು. ಅವರು ಗಣಿತದಲ್ಲಿ ಸೋತವರಲ್ಲ.

ಈ ಶಬ್ದಗಳನ್ನೆಲ್ಲ ಓಡಿಸಬೇಕೆಂದು ನಾನು ಹೇಳುತ್ತಿಲ್ಲ. 'ಹಾಜರಿ', 'ರಜೆ' ಎಂಬ ಮಾತುಗಳೂ ಒಂದು ಕಾಲಕ್ಕೆ ಅರಬ್ಬಿ-ಪಾರಸಿಯಿಂದ ಬಂದವೇ. ಇಂದು ರಜೆ ಎಂದರೆ ಯಾವ ಮಗುವಿಗೂ ಪರಕೀಯ ಅನ್ನಿಸುವುದಿಲ್ಲ. ಶಬ್ದ ಹೊರಗಿನದಾದರೆ ಆಗಲಿ. ಅದರ ಅರ್ಥದ ಬೀಗದ ಕೈ ಮಗುವಿನ ಕೈಯಲ್ಲಿರಲಿ.

ಅಧ್ಯಾಪಕರಲ್ಲಿ ನನ್ನದೊಂದು ಸಣ್ಣ ವಿನಂತಿ. ಪಿ.ಯು.ಸಿ.ಯ ಅಥವಾ ಪದವಿಯ ಮೊದಲ ವಾರದಲ್ಲಿ ಒಂದು ಗಂಟೆಯನ್ನು ಇದಕ್ಕೆಂದೇ ಇಡಿ. ಕಾಲೇಜಿನಲ್ಲಿ ಬಳಕೆಯಾಗುವ ಇಪ್ಪತ್ತು-ಮೂವತ್ತು ಇಂಗ್ಲಿಷ್ ಮಾತುಗಳನ್ನು ಹಲಗೆಯ ಮೇಲೆ ಬರೆಯಿರಿ. ಸೆಮಿನಾರ್ ಎಂದರೆ ಒಟ್ಲು ಎಂದು ಹೇಳಿ. ರೈತರ ಮಕ್ಕಳು ನಗುತ್ತಾರೆ, ಮರೆಯುವುದಿಲ್ಲ. ಬೋನಫೈಡ್ ಎಂದರೆ 'ಒಳ್ಳೆಯ ನಂಬಿಕೆಯಿಂದ' ಎಂಬ ಎರಡು ಲ್ಯಾಟಿನ್ ಶಬ್ದಗಳು, ಈ ಹುಡುಗ ನಮ್ಮವನೇ ಎಂದು ಕಾಲೇಜು ಕೊಡುವ ಚೀಟಿ, ಅದನ್ನು ಇಂಥ ಕಿಟಕಿಯಲ್ಲಿ ಕೇಳಬೇಕು ಎಂದು ತಿಳಿಸಿ. ತಂದೆತಾಯಿಯರೇ, ನಿಮಗೆ ಗೊತ್ತಿಲ್ಲದ ಮಾತು ಮಗುವಿನ ಬಾಯಲ್ಲಿ ಬಂದಾಗ ಸಂಕೋಚವಿಲ್ಲದೆ "ಹಾಗಂದರೇನು?" ಎಂದು ಕೇಳಿ. ಹೇಳಲು ಬಾರದಿದ್ದರೆ ಅದೂ ಮರುದಿನ ಮೇಷ್ಟ್ರನ್ನು ಕೇಳಿಕೊಂಡು ಬರಲಿ.